ಯುದ್ಧ ಶುರು ಮಾಡಿದವನ ಮ್ಯಾಲ ಕೇಸ್ ಆಗ್ತದೇನು? ಮುತ್ಯಾನ ಪ್ರಶ್ನೆಗೆ ಉತ್ತರ ಬೇಕಾಗ್ಯದ

ಆಳಂದ_ಹುಡುಗ:
ಎಲ್ಲರಿಗೂ ಶರಣು. ನಾ ಕಲಬುರಗಿಯಾಗ ಎಲ್‌ಎಲ್‌ಬಿ ಎರಡನೇ ವರ್ಷ. ಮುಂದಿನ ತಿಂಗಳು ಮೂಟ್ ಕೋರ್ಟ್ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಸ್ಪರ್ಧೆ) ಅದ. ಕಲ್ಪಿತ ದೇಶದ ಅಧ್ಯಕ್ಷನೊಬ್ಬ ಬಾಜೂ ದೇಶದ ಮ್ಯಾಲ ದಂಡೆತ್ತಿ ಹೋಗ್ಯಾನ, ಅವನ ಮ್ಯಾಲ 'ಆಕ್ರಮಣದ ಅಪರಾಧ' ಸಾಬೀತು ಮಾಡಬೇಕು. ಪ್ರಾಸಿಕ್ಯೂಷನ್ ನನ್ನ ಪಾಲಿಗೆ ಬಂದದ.

ಅಮಾಸಿಗೆ ಊರಿಗೆ ಹೋದಾಗ ಕಟ್ಟಿ ಮ್ಯಾಲ ಕುಂತು ಜೋರಾಗಿ ಓದಿ ಪ್ರಾಕ್ಟೀಸ್ ಮಾಡ್ಲಿಕ್ಕತ್ತಿದ್ದೆ. ಮುತ್ಯಾ ಅಡಕಿ ಕತ್ತರಿಸ್ಕೋತ ಕೇಳ್ಲಿಕ್ಕತ್ತಿದ್ದ. 1948ರಾಗ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕ ಬಂದ ಪೊಲೀಸ್ ಆಕ್ಷನ್ ಆದಾಗ ಅವಗ ಒಂಬತ್ತು ವರ್ಷ. ಎಲ್ಲಾ ಕೇಳಿ ಅಂದ: "ತಮ್ಮಾ, ಜಗಳದಾಗ ಹಲ್ಲು ಮುರದವನ್ನ ಹಿಡೀತಾರ, ಖರೇ. ಕಾಲು ಕೆದರಿ ಜಗಳಕ್ಕ ಹೋದವನ್ನ ಯಾವ ಫೌಜದಾರ ಹಿಡದಾನ ಹೇಳು?" ಅಡಕೊತ್ತು ಅಲ್ಲೇ ತಡದು ನನ್ನ ಮಾರಿ ನೋಡಿದ. ನನಗ ಉತ್ತರ ಬರಲಿಲ್ಲ.

ಎರಡನೇ ಮಹಾಯುದ್ಧ ಆದ ಮ್ಯಾಲ ನಾಜಿ ನಾಯಕರ ವಿಚಾರಣೆ ನಡದ ನ್ಯೂರೆಂಬರ್ಗ್ ಹೆಸರು ಎಲ್ಲಾ ಪುಸ್ತಕದಾಗೂ ಅದ. ಅದರ ಮುಂದ ಏನಾತು? ತಿಳದವರು ಹೇಳ್ರಿ.

ತೊಗರಿಕಣಜ:
ಮುತ್ಯಾನ್ನೇ ಮೂಟ್ ಕೋರ್ಟಿಗೆ ಕಳಸು. ಕಪ್ ಮನಿಗೆ ಬರ್ತದ.

ಬಿಸಿಲ್ಗುದುರಿ:
ಇದೇನ್ ದೊಡ್ಡ ಪ್ರಶ್ನೆ? ಉಕ್ರೇನ್ ಮ್ಯಾಲ ಯುದ್ಧ ಮಾಡಿದ್ದಕ್ಕ ಪುಟಿನ್ ಮ್ಯಾಲ ವಿಶ್ವಸಂಸ್ಥೆ ಕೋರ್ಟು ವಾರೆಂಟ್ ಹೊರಡಿಸ್ಯದಲ್ಲ. ಪೇಪರಿನಾಗ ಬಂದಿತ್ತು.

ಕಪ್ಪುಕೋಟು:
ಒಂದೇ ಸಾಲಿನಾಗ ಎರಡು ತಪ್ಪು ಅವ, ಬಿಸಿಲ್ಗುದುರಿಯವರ. ಸಿಟ್ಟಾಗಬ್ಯಾಡ್ರಿ, ನಮ್ಮ ಬಾರ್ ರೂಮಿನಾಗೂ ಅರ್ಧ ಮಂದಿ ಹಿಂಗೇ ಹೇಳ್ತಾರ.

ನೆದರ್ಲೆಂಡ್ಸಿನ ಹೇಗ್ ಊರಾಗ ಎರಡು ಕೋರ್ಟು ಅವ. ಒಂದು ಅಂತರರಾಷ್ಟ್ರೀಯ ನ್ಯಾಯಾಲಯ. ಅದು ವಿಶ್ವಸಂಸ್ಥೆದು, ದೇಶ ದೇಶದ ನಡುವಿನ ವ್ಯಾಜ್ಯ ನೋಡ್ತದ, ಯಾರನ್ನೂ ಜೈಲಿಗೆ ಹಾಕೂದಿಲ್ಲ. ನಮ್ಮ ಸಿವಿಲ್ ಕೋರ್ಟ್ ಇದ್ದಂಗ ಅನ್ರಿ. ಇನ್ನೊಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅದು ವಿಶ್ವಸಂಸ್ಥೆದಲ್ಲ. 1998ರ ರೋಮ್ ಒಪ್ಪಂದದಿಂದ ಹುಟ್ಟಿ 2002ರ ಜುಲೈ 1ಕ್ಕ ಜಾರಿಗೆ ಬಂತು. ಅದು ಹಿಡಿಯೂದು ದೇಶನ್ನಲ್ಲ, ಮನಷ್ಯಾನ್ನ.

ಎರಡನೇದು: 2023ರ ಮಾರ್ಚ್ 17ರ ವಾರೆಂಟು ಯುದ್ಧ ಶುರು ಮಾಡಿದ್ದಕ್ಕಲ್ಲ. ಉಕ್ರೇನಿನ ಮಕ್ಕಳನ್ನ ಅಕ್ರಮವಾಗಿ ರಷ್ಯಾಕ್ಕ ಸಾಗಿಸಿದ ಆರೋಪಕ್ಕ. ಅಂದ್ರ ಮುತ್ಯಾ ಹೇಳಿದ್ದೇ ಆತು. ಹಲ್ಲು ಮುರದದ್ದಕ್ಕ ವಾರೆಂಟ್ ಅದ, ಕಾಲು ಕೆದರಿದ್ದಕ್ಕ ಇಲ್ಲ.

ಬಿಸಿಲ್ಗುದುರಿ:
ಹಂಗೇನು! ಮೂರು ವರ್ಷದಿಂದ ಎಲ್ಲರಿಗೂ ತಪ್ಪು ಹೇಳ್ಕೋತ ತಿರಗೀನಿ ಅಂದ್ರ.

ಮಾಜಿ_ಹವಾಲ್ದಾರ್_ಯಾದಗಿರಿ:
ವಕೀಲ ಸಾಹೇಬ್ರ, ಇಷ್ಟು ಫರಕು ಯಾಕ? ಯುದ್ಧ ಶುರು ಮಾಡೂದೂ ತಪ್ಪು, ಯುದ್ಧದಾಗ ಹಲ್ಕಟ್ ಕೆಲಸ ಮಾಡೂದೂ ತಪ್ಪು. ಒಂದೇ ಕಲಂನಾಗ ಹಾಕಿ ಬಿಡಬೇಕಿತ್ತು.

ಕಪ್ಪುಕೋಟು:
ಹವಾಲ್ದಾರ್ ಕಾಕಾ, ಒಂದು ಕೇಸಿನ ಕತಿ ಹೇಳ್ತೀನಿ. ಊರು, ಹೆಸರು ಬ್ಯಾಡ.

ಬಾಜೂ ಹೊಲದವ ಮಳಿಗಾಲದ ಮುಂಚೆ ಬದುವಿನ ಮ್ಯಾಲೇ ಎರಡು ಸಾಲು ರಂಟಿ ಹೊಡದ. ಬಾಂದುಕಲ್ಲು ಕಿತ್ತು ಹಳ್ಳಕ್ಕ ಒಗದ. ನನ್ನ ಕಕ್ಷಿದಾರ ಮುಂಜಾನೆ ಹೋಗಿ ನೋಡ್ತಾನ, ಬದುವೇ ಇಲ್ಲ, ಕರೀ ಮಣ್ಣು ಹಸಿ ಹಸಿ ಹೊರಳಿ ಬಿದ್ದದ. ಮಾತಿಗೆ ಮಾತು ಬೆಳೀತು, ಕುಡಗೋಲು, ಬಡಗಿ ಬಂದವು, ಎರಡೂ ಕಡೆ ತಲಿ ಒಡದವು. ಸ್ಟೇಷನ್ನಿನಾಗ ಕೇಸು, ಕೌಂಟರ್ ಕೇಸು. ಏಳು ವರ್ಷ ನಡೀತು. ಏಳು ವರ್ಷದಾಗ ಯಾರ ಬಡಗಿ ಎಷ್ಟುದ್ದ, ಗಾಯ ಎಷ್ಟು ಆಳ, ಎಷ್ಟು ಹೊಲಿಗಿ ಬಿತ್ತು, ಇದೇ. ಬದು ಯಾರು ಹರಗಿದರು ಅಂತ ಆ ಕೋರ್ಟಿನಾಗ ಒಬ್ಬರೂ ಕೇಳಲಿಲ್ಲ, ಯಾಕಂದ್ರ ಅದು ಬ್ಯಾರೇ ದಾವಾ. ಇಬ್ಬರಿಗೂ ದಂಡ ಆತು. ಎರಡು ಸಾಲು ಹೊಲ ಇವತ್ತಿಗೂ ಹರಗಿದವನ ಕೈಯಾಗೇ ಅದ, ತೊಗರಿ ಬೆಳೀತಾನ.

ಆಕ್ರಮಣದ ಅಪರಾಧ ಅಂದ್ರ ಆ ಬದು ಹರಗಿದ್ದು. ಯುದ್ಧಾಪರಾಧ ಅಂದ್ರ ಬಡಗಿ ಬೀಸಿದ ರೀತಿ. ಬದು ಉಳಿಸಿಕೊಳ್ಳಲಿಕ್ಕೆ ಬಡದಾಡಿದವನೂ ಕೂಸಿನ ಮ್ಯಾಲ ಬಡಗಿ ಎತ್ತಿದ್ರ ಅವನೂ ಗುನ್ನೇಗಾರನೇ. ಎರಡನ್ನೂ ಒಂದೇ ಕಲಂನಾಗ ಹಾಕಿದ್ರ, 'ಅವ ಮೊದಲು ಬಂದ, ಅದಕ್ಕ ನಾ ಏನು ಮಾಡಿದ್ರೂ ನಡೀತದ' ಅಂತ ಹೇಳ್ಲಿಕ್ಕೆ ದಾರಿ ಆಗ್ತದ.

ತೊಗರಿಕಣಜ:
ನಮ್ಮ ಹೊಲದ್ದೇ ಕತಿ ಹೇಳ್ದಂಗ ಆತಲ್ಲ ಮಾರಾಯ.

ಸುಮ್ಮನ_ಓದುವವ:
ಪ್ರತಿ ಊರಾಗೂ ಒಂದು ಹರಗಿದ ಬದು ಇದ್ದೇ ಇರ್ತದ.

ಬೀದರ_ಬುರುಜು:
ಆಳಂದದ ತಮ್ಮನ ಮೂಲ ಪ್ರಶ್ನೆಗೆ ಬರೋಣ. ನಾನು ಇತಿಹಾಸದ ಮೇಷ್ಟ್ರು, ಪುಸ್ತಕದ ಭಾಷೆಯಲ್ಲೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲ ಪ್ರಯತ್ನ ನ್ಯೂರೆಂಬರ್ಗ್ ಅಲ್ಲ, ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್. 1919ರ ವರ್ಸೇಲ್ಸ್ ಒಪ್ಪಂದದ 227ನೇ ವಿಧಿ ಅವನ ವಿಚಾರಣೆಗೆ ವಿಶೇಷ ನ್ಯಾಯಮಂಡಳಿ ಆಗಬೇಕು ಎಂದಿತು. ಅಷ್ಟರಲ್ಲಿ ಅವನು ನೆದರ್ಲೆಂಡ್ಸ್ ಸೇರಿದ್ದ. ಡಚ್ಚರು ಒಪ್ಪಿಸಲಿಲ್ಲ. ಡೋರ್ನ್ ಎಂಬಲ್ಲಿ ಬಂಗಲೆ ಕೊಂಡು, ಕಟ್ಟಿಗೆ ಒಡೆಯುತ್ತಾ 1941ರವರೆಗೆ ಬದುಕಿದ.

1928ರಲ್ಲಿ ಕೆಲ್ಲಾಗ್–ಬ್ರಿಯಾಂಡ್ ಒಪ್ಪಂದವಾಯಿತು. ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ಬಳಸುವುದಿಲ್ಲ ಎಂದು ದೇಶಗಳು ಸಹಿ ಹಾಕಿದವು. ಜರ್ಮನಿ, ಜಪಾನ್ ಕೂಡ ಹಾಕಿದ್ದವು. ಆದರೆ ಮುರಿದವನಿಗೆ ಏನು ಶಿಕ್ಷೆ ಎಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನ್ಯೂರೆಂಬರ್ಗ್ ವಿಚಾರಣೆಗೆ ಆಧಾರವಾದ 1945ರ ಆಗಸ್ಟ್ 8ರ ಲಂಡನ್ ಸನ್ನದಿನಲ್ಲಿ ಮೊದಲ ಬಾರಿಗೆ 'ಶಾಂತಿಯ ವಿರುದ್ಧದ ಅಪರಾಧ' ಎಂಬ ಆರೋಪ ಬಂತು.

ಮುತ್ಯಾಗೆ ಹೇಳಲು ಒಂದು ಹೆಸರು ಬೇಕಲ್ಲವೆ? ರುಡಾಲ್ಫ್ ಹೆಸ್. ಹಿಟ್ಲರನ ಉಪನಾಯಕ. ಯುದ್ಧಾಪರಾಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳಲ್ಲಿ ಅವನು ಖುಲಾಸೆಯಾದ. ಶಿಕ್ಷೆಯಾದದ್ದು ಪಿತೂರಿ ಮತ್ತು ಶಾಂತಿಯ ವಿರುದ್ಧದ ಅಪರಾಧ, ಈ ಎರಡಕ್ಕೆ ಮಾತ್ರ. ಜೀವಾವಧಿ ಬಿತ್ತು. ಬರ್ಲಿನ್ನಿನ ಸ್ಪಂಡೌ ಜೈಲಿನಲ್ಲೇ 1987ರಲ್ಲಿ ಸತ್ತ. ಕಡೆಯ ಇಪ್ಪತ್ತು ವರ್ಷ ಆ ಇಡೀ ಜೈಲಿಗೆ ಅವನೊಬ್ಬನೇ ಕೈದಿ. ಕಾಲು ಕೆದರಿದ್ದಕ್ಕೇ ಶಿಕ್ಷೆಯಾದವನು ಇದ್ದಾನೆ ಎಂದು ಹೇಳು.

ಆಳಂದ_ಹುಡುಗ:
ಸರ್, ಇದು ನನಗ ಗೊತ್ತೇ ಇರಲಿಲ್ಲ. ಇದನ್ನ ವಾದದಾಗ ಮೊದಲೇ ಇಡ್ತೀನಿ.

ಭೀಮಾತೀರ:
ಇಡು, ಎದುರಿನವರು ಕೂಡ್ಲೇ ಕೇಳ್ತಾರ: ನ್ಯೂರೆಂಬರ್ಗಿನ ಪೀಠದಾಗ ರಷ್ಯಾದ ಜಡ್ಜು ಕುಂತಿದ್ದ ಅಲ್ಲ? 1939ರಾಗ ಪೋಲೆಂಡಿನ ಅರ್ಧಕ್ಕ ಜರ್ಮನಿ ಹೊಕ್ಕರ ಇನ್ನರ್ಧಕ್ಕ ರಷ್ಯಾನೇ ಹೊಕ್ಕಿತ್ತು. ಫಿನ್ಲೆಂಡ್ ಮ್ಯಾಲ ಹೋದದ್ದಕ್ಕ ಅದೇ ವರ್ಷ ಡಿಸೆಂಬರಿನಾಗ ರಾಷ್ಟ್ರಸಂಘದಿಂದ (ವಿಶ್ವಸಂಸ್ಥೆಗಿಂತ ಮುಂಚಿನ ಸಂಸ್ಥೆ) ಹೊರಗೂ ಹಾಕಿದ್ರು. ಬದು ಹರಗಿದವನೇ ಪಂಚಾಯ್ತಿ ಕಟ್ಟಿ ಮ್ಯಾಲ ಕುಂತಂಗ ಆಗಲಿಲ್ಲೇನು? ಗೆದ್ದವರ ನ್ಯಾಯ ಅದು, ಅಷ್ಟೇ.

ಬಿಸಿಲ್ಗುದುರಿ:
ಅದಕ್ಕೇ ನಮ್ಮ ಇಂಡಿಯಾದ ಜಡ್ಜು ಜಪಾನಿನ ಮಂದಿ ಏನೂ ತಪ್ಪು ಮಾಡಿಲ್ಲ ಅಂತ ಬರದಿದ್ರಲ್ಲ, ಟೋಕಿಯೋದಾಗ.

ಬೀದರ_ಬುರುಜು:
ಮತ್ತೆ ಅರ್ಧ ಸರಿ. ರಾಧಾಬಿನೋದ್ ಪಾಲ್, ಕಲ್ಕತ್ತಾ ಹೈಕೋರ್ಟಿನವರು. ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ವಿಚಾರಣೆ ನಡೆದ ಟೋಕಿಯೋದಲ್ಲಿ ಹನ್ನೊಂದು ನ್ಯಾಯಾಧೀಶರು. ಎಲ್ಲ ಆರೋಪಿಗಳನ್ನೂ ಎಲ್ಲ ಆರೋಪಗಳಿಂದ ಬಿಡಬೇಕು ಎಂದು ಸಾವಿರಕ್ಕೂ ಹೆಚ್ಚು ಪುಟದ ಭಿನ್ನ ತೀರ್ಪು ಬರೆದವರು ಇವರೊಬ್ಬರೇ. ಆದರೆ ಜಪಾನಿ ಸೈನ್ಯದ ಕ್ರೌರ್ಯ ನಡೆದೇ ಇಲ್ಲ ಎಂದು ಅವರು ಬರೆದಿಲ್ಲ, ಚೀನಾದ ನಾನ್‌ಜಿಂಗಿನ ಕ್ರೌರ್ಯವನ್ನು ಒಪ್ಪಿಕೊಂಡಿದ್ದಾರೆ. ಅವರ ವಾದ ಇಷ್ಟು: ಯುದ್ಧ ಶುರು ಮಾಡಿದಾಗ ಅದು ವ್ಯಕ್ತಿಗಳಿಗೆ ಶಿಕ್ಷೆ ಕೊಡುವಂಥ ಅಪರಾಧ ಎಂಬ ಕಾನೂನೇ ಇರಲಿಲ್ಲ, ಆಮೇಲೆ ಕಾನೂನು ಹುಟ್ಟಿಸಿ ಹಿಂದಿನದಕ್ಕೆ ಅನ್ವಯಿಸಬಾರದು. ಜೊತೆಗೆ, ದಂಡೆತ್ತಿ ಹೋಗಿ ವಸಾಹತು ಕಟ್ಟಿಕೊಂಡ ದೇಶಗಳೇ ಇಲ್ಲಿ ನ್ಯಾಯ ಹೇಳುತ್ತಿವೆಯಲ್ಲ ಎಂದರು. ಭೀಮಾತೀರದವರ ಮಾತೇ.

ಆದರೂ ನನಗೆ ಪಾಲ್ ಪೂರ್ತಿ ಒಪ್ಪಿಗೆಯಿಲ್ಲ. ಕಳ್ಳನೊಬ್ಬ ಸಿಗಲಿಲ್ಲ ಎಂದು ಸಿಕ್ಕವನನ್ನೂ ಬಿಡಬೇಕೆ? ಜಪಾನಿನಲ್ಲಿ ಯುದ್ಧದಲ್ಲಿ ಸತ್ತವರ ದೇವಾಲಯವಾದ ಯಾಸುಕುನಿಯಲ್ಲಿ ಪಾಲ್ ಅವರ ಸ್ಮಾರಕ ನಿಲ್ಲಿಸಿದವರು ತೀರ್ಪನ್ನು ಎಷ್ಟು ಪುಟ ಓದಿದ್ದಾರೋ.

ಸುರಪುರದಾಕಿ:
ಗೆದ್ದವರ ನ್ಯಾಯ ನೋಡ್ಬೇಕಂದ್ರ ಟೋಕಿಯೋಕ್ಕ ಯಾಕ ಹೋಗಬೇಕ್ರಿ, ನಮ್ಮ ಸುರಪುರಕ್ಕ ಬರ್ರಿ. 1858ರಾಗ ಇಂಗ್ಲಿಷರು ದಂಡು ತಗೊಂಡು ಬಂದ್ರು. ರಾಜಾ ವೆಂಕಟಪ್ಪ ನಾಯಕ ಎದುರು ನಿಂತ. ಆಮ್ಯಾಲ ಹೈದರಾಬಾದಿನಾಗ ಹಿಡದು ವಿಚಾರಣೆ ಮಾಡಿ ಮೊದಲು ಗಲ್ಲು ಅಂದ್ರು, ಆಮ್ಯಾಲ ಇಳಸಿದ್ರು. ಒಯ್ಯುವಾಗ ದಾರಿಯಾಗೇ ಗುಂಡಿಗೆ ಸತ್ತ. ಊರಿಗೆ ದಂಡು ತಂದವರು ಫಿರ್ಯಾದಿ, ಊರಾಗ ಇದ್ದವ ಆರೋಪಿ! ಸಣ್ಣಕಿದ್ದಾಗ ನಮ್ಮ ಆಯಿ ಈ ಕತಿ ಹೇಳೋವಾಗ ಕಡೀಗೆ ಒಂದು ಮಾತು ತಪ್ಪದಂಗ ಹೇಳ್ತಿದ್ಲು: "ಮನಿ ಹೊಕ್ಕವರೇ ಸಾಕ್ಷಿ ಕೇಳಿದ್ರು."

ಕಪ್ಪುಕೋಟು:
ಅಕ್ಕಾರ, ಇದನ್ನ ಬರಕೊಂಡೆ. ಕೋರ್ಟಿನಾಗ ಒಂದಿನ ಹೇಳ್ತೀನಿ.

ತೊಗರಿಕಣಜ:
ಸುರಪುರದವರು ಸಿಕ್ಕಾರಂತ ಕೇಳ್ತೀನಿ, ಬಸ್‌ಸ್ಟ್ಯಾಂಡ್ ಕಡೆ ಸುಸಲಾ ಮಿರ್ಚಿ ಈಗೂ ಅಷ್ಟೇ ಚಲೋ ಅದೇನ್ರಿ?

ಸುರಪುರದಾಕಿ:
ಮುಂಜಾನೆ ಏಳರ ಒಳಗ ಬಂದ್ರ ಸಿಗ್ತದ. ಆಮ್ಯಾಲ ಬರೇ ಎಣ್ಣಿ ವಾಸನಿ.

ಮಾಜಿ_ಹವಾಲ್ದಾರ್_ಯಾದಗಿರಿ:
ನನ್ನದೊಂದು ಹಳೇ ಅಂಜಿಕಿ ಅದ, ಕೇಳೇ ಬಿಡ್ತೀನಿ. ನಾಳೆ ಯಾವುದೋ ದೇಶದ ಯುದ್ಧ ತಪ್ಪು ಅಂತ ತೀರ್ಪಾದ್ರ, ಆ ದೇಶದ ಸಿಪಾಯಿ ಎಲ್ಲಾರೂ ಗುನ್ನೇಗಾರರೇನು? ನಾವು ಇಪ್ಪತ್ತೆರಡು ವರ್ಷ ಹುಕುಂ ಬಂದಲ್ಲಿ ಹೋದವರು. ಎಲ್ಲಿಗೆ, ಯಾಕ ಅಂತ ಟ್ರಕ್ಕಿನಾಗ ಕುಂತ ಮ್ಯಾಲೂ ಯಾರೂ ಹೇಳ್ತಿರಲಿಲ್ಲ.

ಕಪ್ಪುಕೋಟು:
ಇಲ್ಲ ಕಾಕಾ. ಈ ಒಂದು ಅಪರಾಧದಾಗ ಕಾನೂನು ಭಾಳ ಖುಲ್ಲಾ ಹೇಳ್ಯದ. ಒಂದು ದೇಶದ ರಾಜಕೀಯ ಇಲ್ಲಾ ಸೈನಿಕ ಕಾರ್ಯವನ್ನ ಖರೇನೇ ಹತೋಟಿಯಾಗ ಇಟ್ಟುಕೊಂಡವ, ನಡಸುವಂಥವ, ಅವನ ಮ್ಯಾಲ ಅಷ್ಟೇ ಇದು ಬರ್ತದ. ಸಿಪಾಯಿ, ಹವಾಲ್ದಾರ್, ಸುಬೇದಾರ್ ಮ್ಯಾಲ ಬರೂದಿಲ್ಲ. ಅವರು ಕೈಯಾರೆ ಯುದ್ಧಾಪರಾಧ ಮಾಡಿದ್ರ ಮಾತ್ರ ಬ್ಯಾರೆ ಕಲಂ.

ತಮ್ಮಾ ಆಳಂದ, ನೀ ಸಾಬೀತು ಮಾಡಬೇಕಾದ್ದೂ ಇದೇ. ರೋಮ್ ಒಪ್ಪಂದದ 8 ಬಿಸ್ ವಿಧಿ (8ನೇ ವಿಧಿ ಆದ ಮ್ಯಾಲ ಸೇರಿಸಿದ್ದು) ಓದು. ಯೋಜನೆ, ಸಿದ್ಧತೆ, ಆರಂಭ ಇಲ್ಲಾ ನಡೆಸೂದು, ಇದರಾಗ ಒಂದು ಇರಬೇಕು. ಮಾಡಿದವ ಮೇಲಿನ ಕುರ್ಚಿಯವ ಇರಬೇಕು. ಮತ್ತ ಆ ಆಕ್ರಮಣ ಸ್ವರೂಪ, ತೀವ್ರತೆ, ಪ್ರಮಾಣದಿಂದ ನೋಡಿದ್ರ ವಿಶ್ವಸಂಸ್ಥೆ ಸನ್ನದಿನ ಢಾಳಾದ ಉಲ್ಲಂಘನೆ ಆಗಿರಬೇಕು. ಗಡಿಯಾಗ ಎರಡು ಗುಂಡು ಹಾರಿದ್ರ ನಡೆಯೂದಿಲ್ಲ. ಯಾವ್ಯಾವುದು ಆಕ್ರಮಣ ಅನ್ನೂ ಪಟ್ಟಿ 1974ರ ವಿಶ್ವಸಂಸ್ಥೆ ಸಾಮಾನ್ಯ ಸಭೆಯ 3314ನೇ ನಿರ್ಣಯದಿಂದ ಬಂದದ್ದು. ದಾಳಿ, ಬಾಂಬು ಅಷ್ಟೇ ಅಲ್ಲ, ಇನ್ನೊಬ್ಬರ ಬಂದರಿಗೆ ದಿಗ್ಬಂಧನ ಹಾಕಿದ್ರೂ ಬರ್ತದ.

ಮಾಜಿ_ಹವಾಲ್ದಾರ್_ಯಾದಗಿರಿ:
ಬದುಕಿದೆ. ಪಿಂಚಣಿ ಖಾತ್ರಿ ಆತು.

ಭೀಮಾತೀರ:
ಕಾಗದದ ಮ್ಯಾಲ ಎಲ್ಲಾ ಚಂದ ಅದ ವಕೀಲ್ರ. ಒಬ್ಬನ ಮ್ಯಾಲಾದ್ರೂ ಈ ಕಲಂ ಹಚ್ಚ್ಯಾರೇನು ಆ ಕೋರ್ಟಿನಾಗ? ಸದ್ದಾಂ ಹುಸೇನ್ ನೋಡ್ರಿ. ಇರಾನಿಗೆ ಹೋದ, ಕುವೈತಿಗೆ ಹೋದ. ಗಲ್ಲಾದದ್ದು ಯಾವುದಕ್ಕ? 1982ರಾಗ ತನ್ನದೇ ದೇಶದ ದುಜೈಲ್ ಊರಿನ 148 ಮಂದಿ ಸತ್ತದ್ದಕ್ಕ. ಇನ್ನ 2003ರಾಗ ಅದೇ ಇರಾಕಿಗೆ ಹೊಕ್ಕವರ ಮ್ಯಾಲ? ಸುದ್ದಿನೇ ಇಲ್ಲ.

ಕಪ್ಪುಕೋಟು:
ಇಲ್ಲ, ಒಬ್ಬನ ಮ್ಯಾಲೂ ಹಚ್ಚಿಲ್ಲ. ಸುಳ್ಳು ಯಾಕ ಹೇಳಲಿ?

1998ರಾಗ ರೋಮಿನಾಗ ಅಪರಾಧದ ಹೆಸರು ಬರದರು, ವ್ಯಾಖ್ಯೆಗೆ ಒಮ್ಮತ ಬರಲಿಲ್ಲ, ಖಾಲಿ ಬಿಟ್ಟರು. 2010ರಾಗ ಉಗಾಂಡದ ಕಂಪಾಲಾದಾಗ ವ್ಯಾಖ್ಯೆ ಆತು. 30 ದೇಶ ಒಪ್ಪಬೇಕು ಅಂತ ಕಾದರು. ಜಾರಿ ಆದದ್ದು 2018ರ ಜುಲೈ 17ಕ್ಕ. ಅಷ್ಟು ಮಾಡಿಯೂ ಬಾಗಿಲಿಗೆ ಎಂಥಾ ಕೀಲಿ ಹಾಕ್ಯಾರ ಗೊತ್ತೇನು? ಒಪ್ಪಂದದಾಗ ಇಲ್ಲದ ದೇಶದವ, ಒಪ್ಪಂದದಾಗ ಇದ್ದ ದೇಶದ ಮ್ಯಾಲ ದಾಳಿ ಮಾಡಿದ್ರೂ ಈ ಅಪರಾಧಕ್ಕ ಅವನನ್ನ ಮುಟ್ಟಂಗಿಲ್ಲ. ಯುದ್ಧಾಪರಾಧಕ್ಕ ಆ ಅಡ್ಡಿ ಇಲ್ಲ, ಇದಕ್ಕ ಮಾತ್ರ ಅದ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೇಸು ಕಳಿಸಿದ್ರ ಆಗ್ತದ. ಅಲ್ಲಿ ವಿಟೊ ಯಾರ ಕೈಯಾಗ ಅದ ಅಂತ ಎರಡನೇ ಕ್ಲಾಸಿನ ಹುಡುಗನ್ನ ಕೇಳಿದ್ರೂ ಹೇಳ್ತಾನ. ಅಮೆರಿಕಾ, ರಷ್ಯಾ, ಚೀನಾ ಒಪ್ಪಂದದಾಗ ಇಲ್ಲ.

2006ರಾಗ ಇಂಗ್ಲೆಂಡಿನಾಗ ಒಂದು ಚಂದನ ಪ್ರಯತ್ನ ಆತು. ಇರಾಕ್ ಯುದ್ಧ ನಿಲ್ಲಸಬೇಕಂತ ವಾಯುನೆಲೆಗೆ ನುಗ್ಗಿದವರು, 'ನಾವು ಒಂದು ಅಪರಾಧ ತಡೀಲಿಕ್ಕೆ ಹೋಗಿದ್ದೆವು' ಅಂದ್ರು. ಹೌಸ್ ಆಫ್ ಲಾರ್ಡ್ಸ್ ಏನಂತು? ಆಕ್ರಮಣ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅಪರಾಧ ಹೌದು, ಆದ್ರ ಪಾರ್ಲಿಮೆಂಟು ಕಾಯ್ದೆ ಮಾಡದ ತನಕ ನಮ್ಮ ದೇಶದ ಕೋರ್ಟಿನಾಗ ಅಲ್ಲ ಅಂತು.

ತೊಗರಿಕಣಜ:
ಇಂಡಿಯಾ?

ಬಿಸಿಲ್ಗುದುರಿ:
ಇಂಡಿಯಾ ಸಹಿ ಮಾಡ್ಯದ.

ಬೀದರ_ಬುರುಜು:
ಬಿಸಿಲ್ಗುದುರಿಯವರೇ, ಇವತ್ತು ನಿಮ್ಮ ಗ್ರಹಚಾರ ಸರಿಯಿಲ್ಲ. 1998ರ ಮತದಾನದಲ್ಲಿ ಭಾರತ ತಟಸ್ಥವಾಗಿತ್ತು. ಸಹಿಯನ್ನೂ ಹಾಕಿಲ್ಲ. ಭದ್ರತಾ ಮಂಡಳಿಗೆ ಆ ಕೋರ್ಟಿನ ಮೇಲೆ ಇಷ್ಟು ಅಧಿಕಾರ ಯಾಕೆ ಎಂಬುದು ನಮ್ಮ ಮುಖ್ಯ ತಕರಾರುಗಳಲ್ಲಿ ಒಂದು.

ಸುಮ್ಮನ_ಓದುವವ:
ಎಲ್ಲರೂ ಸುತ್ತಿ ಬಳಸಿ ಮಾತಾಡ್ಲಿಕ್ಕತ್ತೀರಿ. ಈ ಕಡಿ ಮಂದಿಗೆ ಖರೇ ಪ್ರಶ್ನೆ ಬ್ಯಾರೇನೇ ಅದ. 1948ರ ಸೆಪ್ಟೆಂಬರ್ 13ಕ್ಕ ನಮ್ಮ ಹೈದರಾಬಾದ್ ಸಂಸ್ಥಾನಕ್ಕ ಭಾರತದ ಸೈನ್ಯ ಬಂತಲ್ಲ, ಅದು ಈ ಪಟ್ಟಿಯಾಗ ಬರ್ತದೋ ಇಲ್ಲೋ?

ಗೋರ್ಟಾ_ಕಡೆಯವ:
ಏ, ನಾಲಿಗಿ ಬಿಗಿ ಹಿಡದು ಮಾತಾಡ್ರಿ. ಅದು ವಿಮೋಚನೆ. 1948ರ ಮೇ ತಿಂಗಳಾಗ ನಿಜಾಮನ ಪರ ಇದ್ದ ರಜಾಕಾರರು ನಮ್ಮ ಗೋರ್ಟಾದಾಗ ಏನು ಮಾಡಿದ್ರು ಅಂತ ಬಂದು ಸ್ಮಾರಕದ ಮುಂದ ನಿಂತು ಕೇಳ್ರಿ. ಸೈನ್ಯ ಬರದಿದ್ರ ನಾ ಇವತ್ತು ಇದನ್ನ ಬರಿಯಾಕ ಇರತಿರಲಿಲ್ಲ.

ಸುಮ್ಮನ_ಓದುವವ:
ಅಣ್ಣಾ, ನಾ ತಪ್ಪು ಅಂದಿಲ್ಲ. ಕಾನೂನು ಕೇಳ್ದೆ.

ನಿರ್ವಾಹಕ:
ಸೆಪ್ಟೆಂಬರ್ 17ರ ವಿಷಯ ಬಂದಾಗಲೆಲ್ಲ ಹಿಂದೆ ಎರಡು ಸಲ ಚರ್ಚೆ ಬಂದ್ ಮಾಡಿದ್ದೇವೆ. ಮಾತು ಮಾತಿನಂತೆ ಇರಲಿ. ಜಾತಿ, ಧರ್ಮ ಎತ್ತಿದರೆ ಅಳಿಸುತ್ತೇನೆ.

ಬೀದರ_ಬುರುಜು:
ಕಾನೂನು ಕೇಳಿದ್ದಕ್ಕೆ ಕಾನೂನಿನ ಉತ್ತರ. ಈ ಪ್ರಶ್ನೆ ಆಗಲೇ ವಿಶ್ವಸಂಸ್ಥೆಗೆ ಹೋಗಿತ್ತು. 1948ರ ಆಗಸ್ಟ್ 21ರಂದು ನಿಜಾಮ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 16ಕ್ಕೆ ಪ್ಯಾರಿಸಿನಲ್ಲಿ ಚರ್ಚೆಗೆ ಬಂತು. ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲ, ಹಾಗಾಗಿ ಅದಕ್ಕೆ ಇಲ್ಲಿ ಬರುವ ಹಕ್ಕಿಲ್ಲ ಎಂಬುದು ಭಾರತದ ವಾದ. ಮಂಡಳಿ ಆ ಪ್ರಶ್ನೆಯನ್ನು ತೀರ್ಮಾನಿಸದೆ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು. ಮರುದಿನ, 17ಕ್ಕೆ, ಇಲ್ಲಿ ಕಾರ್ಯಾಚರಣೆಯೇ ಮುಗಿಯಿತು. ಆಮೇಲೆ ನಿಜಾಮರೇ ದೂರು ಹಿಂತೆಗೆದುಕೊಂಡರು.

ಅದಕ್ಕೇ ಹೆಸರು ಮುಖ್ಯ. 'ಪೊಲೀಸ್ ಆಕ್ಷನ್' ಎಂದರೆ ಮನೆಯೊಳಗಿನ ವಿಷಯ, 'ಯುದ್ಧ' ಎಂದರೆ ಎರಡು ಮನೆಗಳ ವಿಷಯ. ಆ ಹೆಸರು ನಮ್ಮೊಬ್ಬರದೇ ಅಲ್ಲ. 1947ರಲ್ಲಿ ಮತ್ತೆ 1948ರ ಕೊನೆಗೆ ಡಚ್ಚರು ಇಂಡೋನೇಷ್ಯಾದ ಮೇಲೆ ಸೈನ್ಯ ನುಗ್ಗಿಸಿ ಅದಕ್ಕೂ 'ಪೊಲೀಸ್ ಕಾರ್ಯಾಚರಣೆ' ಎಂದೇ ಕರೆದರು. ಹೌದು, ಕೈಸರನನ್ನು ಇಟ್ಟುಕೊಂಡ ಅದೇ ಡಚ್ಚರು. 2022ರಲ್ಲಿ ರಷ್ಯಾ 'ವಿಶೇಷ ಸೈನಿಕ ಕಾರ್ಯಾಚರಣೆ' ಎಂದಿತು. ಈ ಮೂರೂ ಒಂದೇ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಸುತ್ತಲೂ ಭಾರತವೇ ಇದ್ದ ಒಂದು ಸಂಸ್ಥಾನ, ಒಳಗೆ ರಜಾಕಾರರ ಹಾವಳಿ, ಭಾರತದ ಜೊತೆ ಆಗಿ ಮುರಿದುಬಿದ್ದ ಯಥಾಸ್ಥಿತಿ ಒಪ್ಪಂದ, ಇದೆಲ್ಲ ಇಂಡೋನೇಷ್ಯಾದಲ್ಲಿ ಇರಲಿಲ್ಲ. ಇನ್ನೊಂದು ಕಾಕತಾಳೀಯ ನೋಡಿ: ಟೋಕಿಯೋದ ತೀರ್ಪು ಓದಿದ್ದು ಅದೇ ವರ್ಷ ನವೆಂಬರಿನಲ್ಲಿ.

ಭೀಮಾತೀರ:
ಅಂದ್ರ ಬದು ಇತ್ತೋ ಇಲ್ಲೋ ಅನ್ನೂದೇ ವ್ಯಾಜ್ಯ. ಒಂದೇ ಹೊಲ ಅಂದ ಮ್ಯಾಲ ಹರಗಿದ್ದು ಅಂತ ಎಲ್ಲಿಂದ ಬಂತು?

ಕಪ್ಪುಕೋಟು:
ಭೀಮಾತೀರದವರಿಗೆ ವಕೀಲಿ ಸನ್ನದು ಕೊಡಸ್ಲಿಕ್ಕೆ ಅಡ್ಡಿಯಿಲ್ಲ.

ಸೂಫಿಗಲ್ಲಿ:
ಎರಡು ದಿನದಿಂದ ಓದ್ಲಿಕ್ಕತ್ತೀನಿ, ಬರೀಬೇಕೋ ಬ್ಯಾಡೋ ಅಂತ. ನಮ್ಮ ದಾದಿಯ ಅಣ್ಣ ಸೈನ್ಯ ಬಂದು ಎಲ್ಲಾ ಮುಗೀತು ಅಂದ ಮ್ಯಾಲ, ಹತ್ತು ದಿನಕ್ಕೋ ಹದಿನೈದು ದಿನಕ್ಕೋ, ಬಾಜೂ ಹಳ್ಳಿಗೆ ಬಾಕಿ ರೊಕ್ಕ ವಸೂಲಿಗೆ ಹೋದವರು ತಿರುಗಿ ಬರಲಿಲ್ಲ. ಅವರು ರಜಾಕಾರ ಅಲ್ಲ, ಅರಿವಿ ಮಾರವ. ಅವರ ಸೈಕಲ್ ಪಂಪು ಇನ್ನೂ ನಮ್ಮ ಅಟ್ಟದ ಮ್ಯಾಲ ಅದ. ವಾಷರ್ ಒಣಗಿ ಹೋಗ್ಯದ, ಆದ್ರ ಯಾರೂ ಒಗದಿಲ್ಲ.

ಸೈನ್ಯ ಬಂದದ್ದು ಸರಿ ಅಂತ ನಮ್ಮ ಅಬ್ಬಾನೇ ಅಂತಿದ್ರು, ನಾನೂ ಅಂತೀನಿ. ಗೋರ್ಟಾದ ಅಣ್ಣಾರು ಹೇಳಿದ್ದೂ ಖರೇ. ಆದ್ರ ವಕೀಲ್ ಸಾಬ್ ಮ್ಯಾಲ ಹೇಳಿದ್ರಲ್ಲ, ಬದುವಿನ ದಾವಾ ಬ್ಯಾರೆ, ಬಡಗಿ ದಾವಾ ಬ್ಯಾರೆ ಅಂತ. ನಮ್ಮ ಕಡಿ ಬದುವಿನ ಮಾತು ಮುಗದ್ರ ಬಡಗಿ ಮಾತೂ ಮುಗೀತು ಅಂತಾರ.

ಬೀದರ_ಬುರುಜು:
ಬರೆದದ್ದು ಒಳ್ಳೆಯದಾಯಿತು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಈ ಕಡೆಯೆಲ್ಲ ಸುತ್ತಿ ಇದೇ ವರದಿ ಕೊಟ್ಟಿತ್ತು. ದಶಕಗಳ ಕಾಲ ಅದು ಹೊರಗೆ ಬರಲಿಲ್ಲ.

ಗೋರ್ಟಾ_ಕಡೆಯವ:
ಸೂಫಿಗಲ್ಲಿ ಭಾಯಿ, ನಾ ನಿಮಗ ಏನೂ ಅನ್ನಂಗಿಲ್ಲ. ಹಳ್ಳಿ ಯಾವುದು?

ಸೂಫಿಗಲ್ಲಿ:
ಹೆಸರು ಇಲ್ಲಿ ಬ್ಯಾಡ ಅಣ್ಣಾ. ಮೆಸೇಜ್ ಮಾಡ್ತೀನಿ.

ಮಾಜಿ_ಹವಾಲ್ದಾರ್_ಯಾದಗಿರಿ:
🙏

ಆಳಂದ_ಹುಡುಗ:
ಎರಡು ದಿನ ಊರಾಗ ಕರೆಂಟ್ ಇರಲಿಲ್ಲ, ಈಗ ಓದಿದೆ. ಇಷ್ಟು ಬೆಳೀತದ ಅನಕೊಂಡಿರಲಿಲ್ಲ. ಕಪ್ಪುಕೋಟು ಸರ್, ಒಂದೇ ಕೇಳ್ತೀನಿ. ಉಕ್ರೇನಿಗಂತ ಬ್ಯಾರೇನೇ ಕೋರ್ಟು ಆಗ್ಲಿಕ್ಕತ್ತದಂತ, ಖರೇನೇನು?

ಕಪ್ಪುಕೋಟು:
ಖರೇ. ಹೇಗ್ ಕೋರ್ಟಿನ ಬಾಗಿಲಿಗೆ ಕೀಲಿ ಇದ್ದದ್ದಕ್ಕೇ ಬ್ಯಾರೆ ಬಾಗಿಲು ಕೊರೀಲಿಕ್ಕತ್ತಾರ. 2025ರ ಜೂನ್ 25ಕ್ಕ ಸ್ಟ್ರಾಸ್‌ಬರ್ಗಿನಾಗ ಉಕ್ರೇನ್ ಮತ್ತ ಕೌನ್ಸಿಲ್ ಆಫ್ ಯುರೋಪ್ (ಯುರೋಪಿನ ದೇಶಗಳ ಮಾನವ ಹಕ್ಕು ಸಂಸ್ಥೆ) ವಿಶೇಷ ನ್ಯಾಯಮಂಡಳಿಗೆ ಸಹಿ ಹಾಕಿದ್ರು. ಆಕ್ರಮಣದ ಅಪರಾಧ ಒಂದೇ ಅದರ ಕೆಲಸ. ಅದರಾಗೂ ಒಂದು ಗಂಟು ಅದ. ಅಧ್ಯಕ್ಷ, ಪ್ರಧಾನಿ, ವಿದೇಶಾಂಗ ಮಂತ್ರಿ, ಈ ಮೂವರು ಕುರ್ಚಿ ಮ್ಯಾಲ ಇರೂ ತನಕ ವಿಚಾರಣೆ ಮುಂದ ಹೋಗಂಗಿಲ್ಲ. ನಿನ್ನ ಎದುರು ವಕೀಲ ಮೊದಲು ಹಿಡಿಯೂದು ಇದನ್ನೇ, ತಯಾರಾಗು.

ಆಳಂದ_ಹುಡುಗ:
ಮುತ್ಯಾಗ ಹೆಸ್ ಕತಿ ಹೇಳ್ದೆ. ಅಡಕಿ ಬಾಯಿಗೆ ಹಾಕ್ಕೊಂಡು ಕೇಳ್ದ, "ಒಬ್ಬನೇ ಕೈದಿ ಅಂದಿ. ಅವಗ ರೊಟ್ಟಿ ಯಾರು ಬಡೀತಿದ್ರು?"

ಬೀದರ_ಬುರುಜು:
ಅಮೆರಿಕಾ, ರಷ್ಯಾ, ಬ್ರಿಟನ್, ಫ್ರಾನ್ಸ್ ನಾಲ್ಕೂ ದೇಶದವರು ಪಾಳಿ ಹಚ್ಚಿಕೊಂಡು ಅವನನ್ನು ಕಾಯುತ್ತಿದ್ದರು, ತಿಂಗಳಿಗೊಂದು ದೇಶ.

ಆಳಂದ_ಹುಡುಗ:
ಹೇಳ್ದೆ ಸರ್. "ನಾಕು ಮಂದಿ ಗೌಡ್ರು ಕೂಡಿ ಒಬ್ಬ ಕಳ್ಳನ್ನ ಸಾಕ್ಯಾರ" ಅಂದು ಮಲಗಿಬಿಟ್ಟ.

ತೊಗರಿಕಣಜ:
ನಾ ಮೊದಲೇ ಹೇಳಿದ್ದೆ, ಮುತ್ಯಾನ್ನ ಕಳಸು ಅಂತ.

ಕಪ್ಪುಕೋಟು:
ತಮ್ಮಾ, ಐತವಾರ ಮುಂಜಾನೆ ಆಫೀಸಿಗೆ ಬಾ, ಒಂದು ಸಲ ವಾದ ಮಾಡಿ ನೋಡೋಣ. ಎದುರು ಪಾರ್ಟಿ ನಾ ಆಗ್ತೀನಿ. ಬರೋವಾಗ 3314ರ ಪ್ರತಿ ತಗೊಂಡು ಬಾ, ಮುತ್ಯಾನ ಅಡಕಿಯೂ ಒಂದೀಟು ತಾ.